ಮರುಭೂಮಿಯ ಹುಲ್ಲುಗಾವಲು: ಲಾಸ್ ವೇಗಸ್ ನಗರದ ಇತಿಹಾಸ

ಊರಿನ ಹೆಸರು ಎಷ್ಟೋ ವೇಳೆ ಹಳೆಯ ದಸ್ತಾವೇಜಿನಂತೆ. ಊರು ಬೆಳೆದು, ರೂಪ ಬದಲಾಗಿ, ಮೊದಲಿದ್ದುದೆಲ್ಲ ಅಳಿಸಿಹೋದ ಮೇಲೂ ಹೆಸರೊಂದು ಉಳಿದುಕೊಂಡು, ಹಿಂದೆ ಇಲ್ಲಿ ಏನಿತ್ತೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ನೆವಾಡಾದ ಲಾಸ್ ವೇಗಸ್ ನಗರದ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಬಣ್ಣಬಣ್ಣದ ದೀಪಗಳ ಬೀದಿ, ಹಗಲಿರುಳೆನ್ನದೆ ಬಾಗಿಲು ತೆರೆದಿರುವ ಜೂಜಿನ ಮನೆಗಳು, ಮುಗಿಲು ಮುಟ್ಟುವ ಹೋಟೆಲುಗಳು. ಆದರೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಲಾಸ್ ವೇಗಸ್’ ಎಂದರೆ ‘ಹುಲ್ಲುಗಾವಲುಗಳು’ ಎಂದರ್ಥ! ವರ್ಷಕ್ಕೆ ಸುಮಾರು ೪ ಅಂಗುಲ ಮಳೆ ಮಾತ್ರ ಬೀಳುವ, ಬೇಸಗೆಯಲ್ಲಿ ತಾಪ ೧೧೦ ಡಿಗ್ರಿ ಫ್ಯಾರನ್‌ಹೀಟನ್ನೂ ದಾಟುವ ಮರುಭೂಮಿಗೆ ಈ ಹಸುರು ಹೆಸರು ಬಂದುದು ಹೇಗೆ?

ಜೂಜೇ ಈ ಊರನ್ನು ಕಟ್ಟಿತು ಎಂದು ಹೇಳುವುದು ವಾಡಿಕೆ. ಹಾಗೆ ಹೇಳುವವರ ಮಾತಿನಲ್ಲಿ ಸ್ವಲ್ಪ ಮೆಚ್ಚಿಗೆಯೂ ಸ್ವಲ್ಪ ತಿರಸ್ಕಾರವೂ ಬೆರೆತಿರುತ್ತದೆ. ಆ ಮಾತನ್ನು ಒಪ್ಪುವ ಮೊದಲು ಊರಿನ ಚರಿತ್ರೆಯನ್ನೊಮ್ಮೆ ಮೊದಲಿನಿಂದ ನೋಡೋಣ. ದೀಪಗಳ ಹಿಂದೆ ಜೂಜಿಗಿಂತ ಹಳೆಯದಾದ ಬೇರೊಂದು ವಸ್ತು ನಮಗೆ ಕಾಣಸಿಗುತ್ತದೆ. ಅದು ನೀರು.

ನೀರಿದ್ದಲ್ಲಿ ನೆಲೆ

ಸುತ್ತಲೂ ಬೋಳುಬೆಟ್ಟಗಳು, ನಡುವೆ ಒಂದು ಕಣಿವೆ. ಆ ಕಣಿವೆಯ ನೆಲದೊಳಗಿಂದ ನೀರು ತಾನಾಗಿಯೇ ಬುಗ್ಗೆಬುಗ್ಗೆಯಾಗಿ ಉಕ್ಕಿ, ತೊರೆಯಾಗಿ ಹರಿದು, ಇಕ್ಕೆಲದಲ್ಲೂ ಹುಲ್ಲನ್ನೂ ಗಿಡಮರಗಳನ್ನೂ ಬೆಳೆಸಿತ್ತು. ಈ ಬುಗ್ಗೆಗಳನ್ನು ಆಶ್ರಯಿಸಿ ಶತಮಾನಗಳಿಂದ ಬದುಕಿದವರು ದಕ್ಷಿಣ ಪೈಯೂಟ್ ಎಂಬ ಮೂಲನಿವಾಸಿಗಳು. ತಮ್ಮನ್ನು ಅವರು ‘ನುವುವಿ’ ಎಂದು ಕರೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಕಣಿವೆಯಲ್ಲಿದ್ದು, ಬೇಸಗೆಯಲ್ಲಿ ತಂಪಾದ ಬೆಟ್ಟಗಳಿಗೆ ಏರಿ, ಬೇಟೆಯಿಂದಲೂ ಕಾಡಿನ ಬೀಜಗಳಿಂದಲೂ ತೊರೆಯ ಬದಿಯಲ್ಲಿ ಬೆಳೆದ ಜೋಳ ಕುಂಬಳಗಳಿಂದಲೂ ಜೀವನ ಸಾಗಿಸುತ್ತಿದ್ದರು.

೧೮೨೯ರಲ್ಲಿ ಆಂಟೋನಿಯೋ ಆರ್ಮಿಹೋ ಎಂಬ ವರ್ತಕನ ತಂಡವು ನ್ಯೂ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾಕ್ಕೆ ದಾರಿ ಹುಡುಕುತ್ತ ಹೊರಟಿತು. ಅಂದಿನಿಂದ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಈ ಮಾರ್ಗವಾಗಿ ಓಡಾಡುತ್ತಿದ್ದ ಸ್ಪ್ಯಾನಿಷ್ ಮಾತಿನ ವರ್ತಕರಿಗೆ ಈ ಕಣಿವೆ ದೊರೆತುದು ಬಾಯಾರಿದವನಿಗೆ ಬಾವಿ ಸಿಕ್ಕಂತೆ. ಹುಲ್ಲುಗಾವಲೆಂಬ ಹೆಸರನ್ನು ಕೊಟ್ಟವರು ಅವರೇ. ೧೮೪೪ರ ಮೇ ತಿಂಗಳಲ್ಲಿ ಅಮೆರಿಕದ ಸೇನಾಧಿಕಾರಿ ಜಾನ್ ಫ್ರೀಮಾಂಟ್ ಎಂಬಾತ ಇಲ್ಲಿ ಮೊಕ್ಕಾಂ ಮಾಡಿ, ಬೆಚ್ಚಗಿನ ತಿಳಿನೀರಿನ ತೊರೆಗಳನ್ನು ಕಂಡು, ತನ್ನ ವರದಿಯಲ್ಲಿ ಅವುಗಳ ವಿಚಾರ ಬರೆದನು. ಆಗ ಈ ಪ್ರದೇಶ ಮೆಕ್ಸಿಕೋ ದೇಶಕ್ಕೆ ಸೇರಿತ್ತು. ಯುದ್ಧಾನಂತರ ೧೮೪೮ರ ಒಪ್ಪಂದದ ಪ್ರಕಾರ ಇದು ಅಮೆರಿಕದ ಪಾಲಾಯಿತು.

೧೮೫೫ರಲ್ಲಿ ಮಾರ್ಮನ್ ಪಂಥದ ಸುಮಾರು ೩೦ ಮಂದಿ ಧರ್ಮಪ್ರಚಾರಕರು ಬಂದು ಹಸಿ ಇಟ್ಟಿಗೆಯ ಕೋಟೆಯೊಂದನ್ನು ಕಟ್ಟಿ, ತೊರೆಯಿಂದ ಕಾಲುವೆ ತೆಗೆದು ಬೇಸಾಯಕ್ಕೆ ಕೈಹಾಕಿದರು. ಒಂದೆರಡು ವರ್ಷಗಳಲ್ಲೇ ಅವರ ಪ್ರಯತ್ನ ನಿಂತುಹೋಯಿತು. ಆ ಕೋಟೆಯ ಗೋಡೆಯ ಒಂದು ತುಂಡು ಇಂದಿಗೂ ಅಲ್ಲಿ ನಿಂತಿದೆ. ಜೂಜುಕಟ್ಟೆಗಳ ಊರಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ ಧರ್ಮಪ್ರಚಾರಕರು ಕಟ್ಟಿದ್ದು ಎಂಬುದು ಸೋಜಿಗವಲ್ಲವೆ?

ಮುಂದೆ ಈ ನೆಲ ನೀರುಗಳೆರಡೂ ಒಂದು ದೊಡ್ಡ ಜಮೀನಾಗಿ ಸ್ಟೂಅರ್ಟ್ ಮನೆತನದ ಕೈಸೇರಿದುವು. ೧೮೮೪ರಲ್ಲಿ ಯಜಮಾನನು ಗುಂಡೇಟಿನಿಂದ ಸತ್ತಾಗ ಆತನ ಹೆಂಡತಿ ಹೆಲೆನ್ ಸ್ಟೂಅರ್ಟ್ ನಾಲ್ಕು ಮಕ್ಕಳ ತಾಯಿ, ತುಂಬು ಬಸುರಿ. ಆದರೂ ಆಕೆ ಎದೆಗುಂದದೆ ೧೮ ವರ್ಷ ಕಾಲ ಆ ಜಮೀನನ್ನು ತಾನೇ ನಡೆಸಿದಳು. ೧೯೦೨ರಲ್ಲಿ ರೈಲು ಕಂಪನಿಗೆ ಅದನ್ನು ಮಾರಿದಳು. ೧೯೧೧ರಲ್ಲಿ ಆಕೆ ಬರೆದುಕೊಟ್ಟ ಹತ್ತು ಎಕರೆಯಲ್ಲೇ ಪೈಯೂಟ್ ಜನರಿಗೆ ಸರ್ಕಾರದ ವಸತಿ ಏರ್ಪಟ್ಟಿತು. ಇಡೀ ಕಣಿವೆಯೇ ತಮ್ಮದಾಗಿದ್ದವರಿಗೆ ಹತ್ತು ಎಕರೆ! ೧೯೮೩ರಲ್ಲಿ ಅಮೆರಿಕದ ಶಾಸನಸಭೆ ಅವರಿಗೆ ಇನ್ನೂ ಸುಮಾರು ೩,೮೦೦ ಎಕರೆಯನ್ನು ಹಿಂದಕ್ಕೆ ಕೊಟ್ಟಿತು.

ರೈಲು ತಂದ ಊರು

ಆಗಿನ ರೈಲು ಆವಿಯಿಂದ ಓಡುವ ರೈಲು. ಕಲ್ಲಿದ್ದಲು ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ. ಲಾಸ್ ಏಂಜಲೀಸ್‌ಗೂ ಸಾಲ್ಟ್ ಲೇಕ್ ನಗರಕ್ಕೂ ನಡುವೆ ಮರುಭೂಮಿಯ ಮೂಲಕ ಹಳಿ ಹಾಸುತ್ತಿದ್ದ ಕಂಪನಿಗೆ ಎಂಜಿನ್ನುಗಳ ದಾಹ ತೀರಿಸುವ ಒಂದು ತಾಣ ಬೇಕಾಗಿತ್ತು. ಕಂಪನಿಯ ಒಡೆಯ, ತಾಮ್ರದ ಗಣಿಗಳಿಂದ ಕೋಟ್ಯಧೀಶನಾದ ಸೆನೆಟರ್ ವಿಲಿಯಂ ಕ್ಲಾರ್ಕ್, ಹೆಲೆನ್ ಸ್ಟೂಅರ್ಟಳ ಜಮೀನನ್ನು ಕೊಂಡುದು ಬುಗ್ಗೆಗಳಿಗಾಗಿ. ೧೯೦೫ರ ಮೇ ೧೫ ಮತ್ತು ೧೬ರಂದು ಸುಡುಬಿಸಿಲಿನಲ್ಲಿ ನಿವೇಶನಗಳ ಹರಾಜು ನಡೆಯಿತು. ಲಾಸ್ ವೇಗಸ್ ಊರು ಹುಟ್ಟಿದ ದಿನವೆಂದು ಎಣಿಸುವುದು ಆ ಹದಿನೈದನ್ನೇ. ೧೯೧೧ರಲ್ಲಿ ಅದಕ್ಕೆ ಪುರಸಭೆಯ ಸ್ಥಾನ ಸಿಕ್ಕಿತು.

ಊರು ಹುಟ್ಟಿದ ಐದೇ ವರ್ಷಕ್ಕೆ, ೧೯೧೦ರ ಅಕ್ಟೋಬರ್ ೧ರಿಂದ, ನೆವಾಡಾದಲ್ಲಿ ಜೂಜಾಟ ಕಾನೂನುಬಾಹಿರವಾಯಿತು ಎಂದರೆ ನೀವು ಆಶ್ಚರ್ಯಪಡಬಹುದು. ಮುಂದಿನ ಇಪ್ಪತ್ತು ವರ್ಷ ಲಾಸ್ ವೇಗಸ್ ಬದುಕಿದುದು ರೈಲಿನಿಂದ. ರೈಲಿನವರು ಮುನಿದರೆ ಊರಿಗೆ ಗತಿಯಿರಲಿಲ್ಲ. ೧೯೨೨ರ ಮುಷ್ಕರದ ತರುವಾಯ ರಿಪೇರಿ ಕಾರ್ಖಾನೆಯನ್ನು ಬೇರೆ ಊರಿಗೆ ಸಾಗಿಸಿದಾಗ ನೂರಾರು ಮಂದಿಯ ಕೆಲಸ ಹೋಯಿತು. ೧೯೩೦ರ ಜನಗಣತಿಯಲ್ಲಿ ಊರಿನ ಜನ ೫,೧೬೫. ಅಮೆರಿಕದಲ್ಲಿ ಇಂತಹ ರೈಲು ಊರುಗಳು ಎಷ್ಟೋ ಹುಟ್ಟಿ ಎಷ್ಟೋ ಹಾಳುಬಿದ್ದಿವೆ. ಇದೂ ಹಾಗೆಯೇ ಆಗಬಹುದಾಗಿತ್ತು.

೧೯೩೧ರ ವರ್ಷ

ಊರಿನ ಹಣೆಬರಹ ಬದಲಾದುದು ೧೯೩೧ರಲ್ಲಿ. ಆ ಒಂದೇ ವರ್ಷದಲ್ಲಿ ಎರಡು ಘಟನೆಗಳು ನಡೆದುವು. ಒಂದನ್ನು ಎಲ್ಲರೂ ಹೇಳುತ್ತಾರೆ, ಇನ್ನೊಂದನ್ನು ಅನೇಕರು ಮರೆಯುತ್ತಾರೆ.

ಮೊದಲನೆಯದು ಜೂಜಿನ ಶಾಸನ. ಬೆಳ್ಳಿಯ ಗಣಿಗಳು ಬರಿದಾಗಿ, ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿದ್ದ ನೆವಾಡಾದ ಒಟ್ಟು ಜನಸಂಖ್ಯೆ ಆಗ ಕೇವಲ ೯೧ ಸಾವಿರ. ಬೊಕ್ಕಸಕ್ಕೆ ದಾರಿ ಬೇಕಾಗಿತ್ತು. ಕದ್ದುಮುಚ್ಚಿ ನಡೆಯುತ್ತಿದ್ದ ಜೂಜನ್ನು ಬಯಲಿಗೆ ತಂದು ಸುಂಕ ವಿಧಿಸುವುದು ಲೇಸೆಂದು ಬಗೆದು, ಮಾರ್ಚ್ ೧೯ರಂದು ಗವರ್ನರ್ ಫ್ರೆಡ್ ಬಾಲ್ಜರ್ ಶಾಸನಕ್ಕೆ ಸಹಿ ಹಾಕಿದನು. ಅದೇ ವರ್ಷ ಇನ್ನೊಂದು ಶಾಸನದಿಂದ, ಆರು ವಾರ ನೆವಾಡಾದಲ್ಲಿ ವಾಸವಿದ್ದವರಿಗೆ ವಿವಾಹವಿಚ್ಛೇದನ ಸಿಗುವಂತಾಯಿತು. ಬಡಸಂಸ್ಥಾನವೊಂದು ನೆರೆಯವರು ನಿಷೇಧಿಸಿದ್ದನ್ನು ಮಾರಿ ಬದುಕಲು ಹೊರಟ ಕಥೆ ಇದು.

ಎರಡನೆಯದು ಕೊಲರಾಡೋ ನದಿಯ ಅಣೆಕಟ್ಟು. ಲಾಸ್ ವೇಗಸ್ಸಿಗೆ ಸುಮಾರು ೩೦ ಮೈಲಿ ದೂರದಲ್ಲಿ, ಕಡಿದಾದ ಕಲ್ಲಿನ ಕಣಿವೆಗೆ ಅಡ್ಡಲಾಗಿ, ೭೨೬ ಅಡಿ ಎತ್ತರದ ಹೂವರ್ ಅಣೆಕಟ್ಟಿನ ಕೆಲಸ ಆ ವರ್ಷವೇ ಆರಂಭವಾಯಿತು. ದೇಶದ ಮೂಲೆಮೂಲೆಗಳಿಂದ ನಿರುದ್ಯೋಗಿಗಳು ಹೆಂಡಿರುಮಕ್ಕಳೊಡನೆ ಬಂದು ಮರಳಿನ ಮೇಲೆ ಡೇರೆ ಹಾಕಿದರು. ಕೆಲಸದ ಭರದಲ್ಲಿ ೫ ಸಾವಿರಕ್ಕೂ ಹೆಚ್ಚು ಆಳುಗಳು ದುಡಿದರು. ಸರ್ಕಾರದ ಲೆಕ್ಕದಂತೆ ೯೬ ಮಂದಿ ಕೆಲಸ ಮಾಡುತ್ತ ಪ್ರಾಣ ತೆತ್ತರು. ೧೯೩೫ರ ಸೆಪ್ಟೆಂಬರ್ ೩೦ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಆಳುಗಳಿಗಾಗಿ ಸರ್ಕಾರ ಕಟ್ಟಿಸಿದ ಬೌಲ್ಡರ್ ನಗರದಲ್ಲಿ ಜೂಜಿಗೆ ಅಪ್ಪಣೆಯಿರಲಿಲ್ಲ, ಇಂದಿಗೂ ಇಲ್ಲ. ಆದುದರಿಂದ ಸಂಬಳದ ದಿನ ಆಳುಗಳು ಲಾಸ್ ವೇಗಸ್ಸಿನ ಫ್ರೀಮಾಂಟ್ ಬೀದಿಯ ದಾರಿ ಹಿಡಿಯುತ್ತಿದ್ದರು.

ಈಗ ಜನಗಣತಿಯನ್ನು ನೋಡಿ. ಜೂಜು ಶಾಸನಬದ್ಧವಾಗಿ ಒಂಬತ್ತು ವರ್ಷಗಳಾದ ಮೇಲೆ, ೧೯೪೦ರಲ್ಲಿ, ಊರಿನ ಜನಸಂಖ್ಯೆ ೮,೪೨೨ ಮಾತ್ರ. ಬರಿಯ ಜೂಜೇ ನಗರವನ್ನು ಕಟ್ಟುವುದಾಗಿದ್ದರೆ ಅಷ್ಟರಲ್ಲಿ ಕಟ್ಟಬೇಕಾಗಿತ್ತು. ೧೯೫೦ರಲ್ಲಿ ೨೪,೬೨೪; ೧೯೬೦ರಲ್ಲಿ ೬೪,೪೦೫. ಈ ನೆಗೆತಕ್ಕೆ ಕಾರಣಗಳು ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಇಲ್ಲಿ ಸೇನೆಯ ವಿಮಾನದಳಕ್ಕೆ ಗುಂಡುಹಾರಿಸುವ ತರಬೇತಿ ಕೇಂದ್ರವನ್ನು ಸ್ಥಾಪಿಸಿತು. ಅಣೆಕಟ್ಟಿನ ವಿದ್ಯುತ್ತನ್ನೂ ನೀರನ್ನೂ ಬಳಸಿಕೊಂಡು ಹೆಂಡರ್‌ಸನ್ನಿನಲ್ಲಿ ಮೆಗ್ನೀಸಿಯಂ ಲೋಹದ ದೊಡ್ಡ ಕಾರ್ಖಾನೆ ಎದ್ದಿತು. ಲಾಸ್ ಏಂಜಲೀಸಿನಿಂದ ಒಳ್ಳೆಯ ರಸ್ತೆಯಾಯಿತು. ಕೋಣೆಯನ್ನು ತಂಪಾಗಿಡುವ ಯಂತ್ರಗಳು ಬಂದುವು. ಇವುಗಳಲ್ಲಿ ಹೆಚ್ಚಿನವು ದೇಶದ ತೆರಿಗೆದಾರರ ಹಣದಿಂದ ಬಂದವು. ಜೂಜಿನ ಪೀಠವನ್ನು ಹಾಕುವುದಕ್ಕೆ ಮೊದಲು ನೆಲವನ್ನು ಹದಮಾಡಿದವರು ಎಂಜಿನಿಯರುಗಳೂ ಕೂಲಿಗಳೂ ಎಂಬುದನ್ನು ಮರೆಯಬಾರದು.

ದೀಪಗಳ ಬೀದಿ

೧೯೪೧ರ ಏಪ್ರಿಲಿನಲ್ಲಿ ಥಾಮಸ್ ಹಲ್ ಎಂಬ ಹೋಟೆಲು ಉದ್ಯಮಿ ಊರಿನ ಎಲ್ಲೆಯಿಂದ ಹೊರಗೆ, ಹೆದ್ದಾರಿಯ ಬದಿಯಲ್ಲಿ, ‘ಎಲ್ ರಾಂಚೋ ವೇಗಸ್’ ಎಂಬ ಹೋಟೆಲನ್ನು ತೆರೆದನು. ಎಲ್ಲೆಯ ಹೊರಗಿದ್ದರೆ ನಗರದ ತೆರಿಗೆಯಿಲ್ಲ, ಕಾರು ನಿಲ್ಲಿಸಲು ಸ್ಥಳ ಧಾರಾಳ. ಇದೇ ಹೆದ್ದಾರಿಯೇ ಜಗತ್ಪ್ರಸಿದ್ಧವಾದ ‘ಸ್ಟ್ರಿಪ್’. ಇಂದಿಗೂ ಅದರ ಬಹುಭಾಗ ನಗರಸಭೆಯ ಎಲ್ಲೆಗೆ ಹೊರಗೇ ಇದೆ. ಲಾಸ್ ವೇಗಸ್ ಎಂದು ಲೋಕವೆಲ್ಲ ಚಿತ್ರದಲ್ಲಿ ನೋಡುವ ಬೀದಿ ಕಾನೂನಿನ ದೃಷ್ಟಿಯಿಂದ ಲಾಸ್ ವೇಗಸ್ ಅಲ್ಲವೇ ಅಲ್ಲ!

ಅದೇ ಬೀದಿಯಲ್ಲಿ ೧೯೪೬ರ ಡಿಸೆಂಬರ್ ೨೬ರಂದು ‘ಫ್ಲಮಿಂಗೋ’ ಹೋಟೆಲು ತೆರೆಯಿತು. ಅದನ್ನು ಆರಂಭಿಸಿದವನು ಬಿಲ್ಲಿ ವಿಲ್ಕರ್‌ಸನ್. ಮುಂದೆ ಕೈವಶಮಾಡಿಕೊಂಡವನು ಬಗ್ಸಿ ಸೀಗಲ್ ಎಂಬ ಪಾತಕಿ. ಆರು ತಿಂಗಳು ತುಂಬುವಷ್ಟರಲ್ಲಿ ೧೯೪೭ರ ಜೂನ್ ೨೦ರಂದು ಅವನನ್ನು ಯಾರೋ ಗುಂಡಿಟ್ಟು ಕೊಂದರು. ಕೊಲೆಗಾರ ಸಿಕ್ಕಲೇ ಇಲ್ಲ. ಹಲವು ಹೋಟೆಲುಗಳಲ್ಲಿ ಲೆಕ್ಕಕ್ಕೆ ಸೇರುವ ಮೊದಲೇ ಹಣ ದೂರದ ಪಾತಕಿಗಳ ಕೈಸೇರುತ್ತಿತ್ತು. ೧೯೫೦ರಲ್ಲಿ ಸೆನೆಟರ್ ಕೆಫಾವರರ ವಿಚಾರಣಾ ಸಮಿತಿ ಲಾಸ್ ವೇಗಸ್ಸಿಗೇ ಬಂದು ಸಾಕ್ಷ್ಯ ತೆಗೆದುಕೊಂಡಿತು. ೧೯೫೫ರಲ್ಲಿ ಜೂಜಿನ ಮೇಲ್ವಿಚಾರಣೆಗೆ ಮಂಡಲಿ, ೧೯೫೯ರಲ್ಲಿ ಆಯೋಗ ಏರ್ಪಟ್ಟುವು. ೧೯೬೬ರಲ್ಲಿ ಬಂದ ಕೋಟ್ಯಧೀಶ ಹೋವರ್ಡ್ ಹ್ಯೂಸ್ ಒಂದರಮೇಲೊಂದು ಹೋಟೆಲನ್ನು ಕೊಂಡನು. ೧೯೬೯ರ ಶಾಸನದಿಂದ ಷೇರು ಕಂಪನಿಗಳಿಗೂ ಬಾಗಿಲು ತೆರೆಯಿತು. ಕ್ರಮೇಣ ಪಾತಕಿಗಳ ಜಾಗಕ್ಕೆ ಲೆಕ್ಕಪರಿಶೋಧಕರು ಬಂದು ಕುಳಿತರು.

ಈ ಲೆಕ್ಕದ ಮರ್ಮವೇನೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಲಿಯ ‘ರೂಲೆಟ್’ ಚಕ್ರದಲ್ಲಿ ಸಾಮಾನ್ಯವಾಗಿ ೩೮ ಮನೆಗಳಿರುತ್ತವೆ: ೧ರಿಂದ ೩೬, ಒಂದು ಸೊನ್ನೆ, ಒಂದು ಜೋಡಿಸೊನ್ನೆ. ನೀವು ಒಂದೊಂದು ಮನೆಗೂ ಒಂದೊಂದು ರೂಪಾಯಿಯಂತೆ ೩೮ ರೂಪಾಯಿ ಇಟ್ಟಿರೆಂದು ಭಾವಿಸೋಣ. ಒಂದು ಮನೆ ಗೆದ್ದೇ ಗೆಲ್ಲುತ್ತದೆ. ಗೆದ್ದ ಮನೆಗೆ ಬರುವುದು ೩೫ ರೂಪಾಯಿ, ಜತೆಗೆ ನೀವಿಟ್ಟ ಒಂದು ರೂಪಾಯಿ, ಒಟ್ಟು ೩೬. ಎಲ್ಲ ಮನೆಗಳನ್ನೂ ಗೆದ್ದಂತಾದರೂ ಎರಡು ರೂಪಾಯಿ ನಷ್ಟ! ಒಬ್ಬ ಆಟಗಾರ ಒಂದು ರಾತ್ರಿ ಗೆಲ್ಲಬಹುದು. ಆದರೆ ಸಾವಿರಾರು ಜನರ ಲಕ್ಷಾಂತರ ಆಟಗಳಲ್ಲಿ ರೂಪಾಯಿಗೆ ಐದು ಪೈಸೆಗಿಂತ ಹೆಚ್ಚು ಮನೆಯೊಡೆಯನಿಗೆ ಸಲ್ಲುತ್ತಲೇ ಇರುತ್ತದೆ. ಶಕುನಿಯ ದಾಳದಲ್ಲಿ ಮೋಸವಿತ್ತೆಂದು ನಾವು ಕೇಳಿ ಬಲ್ಲೆವು. ಇಲ್ಲಿ ಮೋಸವೇ ಬೇಡ, ಗಣಿತ ಸಾಕು.

ಬೆಳಕು ಬೀಳದ ಬದಿ

ದೀಪಗಳು ಹೆಚ್ಚಿದಷ್ಟೂ ನೆರಳೂ ಹೆಚ್ಚು. ರೈಲು ಹಳಿಯ ಪಶ್ಚಿಮಕ್ಕೆ ‘ವೆಸ್ಟ್‌ಸೈಡ್’ ಎಂಬ ಕೇರಿ. ಹೋಟೆಲುಗಳಲ್ಲಿ ನೆಲ ಒರೆಸುವ, ಪಾತ್ರೆ ತೊಳೆಯುವ, ಹಾಸಿಗೆ ಹಾಸುವ ಕಪ್ಪು ಜನಾಂಗದವರು ವಾಸಿಸಬೇಕಾಗಿದ್ದುದು ಅಲ್ಲಿ. ಸ್ಯಾಮಿ ಡೇವಿಸ್, ನ್ಯಾಟ್ ಕಿಂಗ್ ಕೋಲ್ ಅವರಂತಹ ಮಹಾಗಾಯಕರು ಸ್ಟ್ರಿಪ್ಪಿನ ರಂಗದ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಿದರೂ, ಹಾಡು ಮುಗಿದ ಮೇಲೆ ಅದೇ ಹೋಟೆಲಿನಲ್ಲಿ ಮಲಗುವಂತಿರಲಿಲ್ಲ. ವೆಸ್ಟ್‌ಸೈಡಿನ ವಸತಿಗೃಹಕ್ಕೆ ಹೋಗಬೇಕಾಗಿತ್ತು. ೧೯೫೫ರ ಮೇ ತಿಂಗಳಲ್ಲಿ ಎಲ್ಲ ಬಣ್ಣದವರಿಗೂ ತೆರೆದ ‘ಮೂಲಾ ರೂಜ್’ ಎಂಬ ಹೋಟೆಲು ಆರಂಭವಾಗಿ, ಅದೇ ವರ್ಷ ಮುಚ್ಚಿಹೋಯಿತು. ೧೯೬೦ರಲ್ಲಿ ದಂತವೈದ್ಯ ಡಾಕ್ಟರ್ ಜೇಮ್ಸ್ ಮ್ಯಾಕ್‌ಮಿಲನ್ನರ ಮುಂದಾಳುತನದಲ್ಲಿ ಜನ ಸ್ಟ್ರಿಪ್ಪಿನ ಮೇಲೆ ಮೆರವಣಿಗೆ ಹೊರಡುವುದಾಗಿ ಸಾರಿದರು. ಮಾರ್ಚ್ ೨೬ರಂದು, ಮುಚ್ಚಿದ್ದ ಆ ಮೂಲಾ ರೂಜ್ ಕಟ್ಟಡದಲ್ಲಿಯೇ ಕುಳಿತು, ಬಣ್ಣಭೇದ ಬಿಡುವುದಾಗಿ ಹೋಟೆಲುಗಳ ಕಡೆಯವರು ಒಪ್ಪಿಕೊಂಡರು.

ಇನ್ನೊಂದು ಬೆಳಕನ್ನೂ ಇಲ್ಲಿ ನೆನೆಯಬೇಕು. ೧೯೫೧ರ ಜನವರಿ ೨೭ರಂದು ನಗರಕ್ಕೆ ಸುಮಾರು ೬೫ ಮೈಲಿ ದೂರದ ಮರುಭೂಮಿಯಲ್ಲಿ ಅಣುಬಾಂಬಿನ ಪರೀಕ್ಷೆ ಆರಂಭವಾಯಿತು. ೧೯೬೨ರ ವರೆಗೆ ಬಯಲಿನಲ್ಲಿ ನೂರು ಪರೀಕ್ಷೆಗಳು ನಡೆದುವು. ಭೂಮಿಯೊಳಗಿನವು ೧೯೯೨ರ ವರೆಗೆ ಮುಂದುವರಿದುವು. ಬೆಳಗಿನ ಜಾವ ಬಾಂಬಿನ ಬೆಳಕನ್ನು ನೋಡಲೆಂದು ಹೋಟೆಲುಗಳು ಅತಿಥಿಗಳಿಗೆ ಔತಣ ಏರ್ಪಡಿಸುತ್ತಿದ್ದುವು! ಗಾಳಿ ಬೀಸಿದ ಕಡೆಯ ಹಳ್ಳಿಗಳಲ್ಲಿ ಆ ಬೂದಿ ಬಿದ್ದಿತು. ರೋಗಕ್ಕೆ ತುತ್ತಾದವರಿಗೆ ಪರಿಹಾರ ಕೊಡುವ ಶಾಸನ ಆದುದು ೧೯೯೦ರಲ್ಲಿ.

ಆದರೂ ಈ ಊರಿನ ದುಡಿಯುವ ಜನ ಬರಿಯ ಮೂಕಪ್ರೇಕ್ಷಕರಾಗಿರಲಿಲ್ಲ. ಅಡಿಗೆಯವರು, ಬಡಿಸುವವರು, ಕೋಣೆ ಗುಡಿಸುವ ಹೆಂಗಸರು ಸೇರಿ ಕಟ್ಟಿದ ಕಾರ್ಮಿಕ ಸಂಘ ಅಮೆರಿಕದ ಪ್ರಬಲ ಸಂಘಗಳಲ್ಲೊಂದು. ‘ಫ್ರಾಂಟಿಯರ್’ ಎಂಬ ಹೋಟೆಲಿನ ಮುಂದೆ ೧೯೯೧ರ ಸೆಪ್ಟೆಂಬರಿನಲ್ಲಿ ಹೂಡಿದ ಮುಷ್ಕರವನ್ನು ಅವರು ೧೯೯೮ರ ಆರಂಭದ ವರೆಗೆ, ಆರು ವರ್ಷಕ್ಕೂ ಮೇಲೆ, ಬಿಸಿಲು ಚಳಿಯೆನ್ನದೆ ನಡೆಸಿ ಗೆದ್ದರು. ಅದೃಷ್ಟವನ್ನು ಮಾರುವ ಬೀದಿಯಲ್ಲಿ ಅದೃಷ್ಟವನ್ನು ನಂಬದೆ ಒಗ್ಗಟ್ಟನ್ನು ನಂಬಿದವರು ಇವರು.

ನೀರಿನ ಲೆಕ್ಕ

೧೯೮೯ರಲ್ಲಿ ತೆರೆದ ‘ಮಿರಾಜ್’ ಹೋಟೆಲಿನಿಂದ ಮೊದಲ್ಗೊಂಡು ಸ್ಟ್ರಿಪ್ಪಿನ ಸ್ವರೂಪ ಇನ್ನೊಮ್ಮೆ ಬದಲಾಯಿತು. ಇಂದು ಅಲ್ಲಿಯ ಹೋಟೆಲುಗಳ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ಕೋಣೆ, ಊಟ, ನಾಟಕ ಸಂಗೀತಗಳಿಂದ ಬರುವುದೇ ಹೆಚ್ಚು. ೨೦೧೯ರಲ್ಲಿ ಸುಮಾರು ೪ ಕೋಟಿ ೨೫ ಲಕ್ಷ ಪ್ರವಾಸಿಗಳು ಬಂದಿದ್ದರು. ಮರುವರ್ಷ ಸಾಂಕ್ರಾಮಿಕದ ಕಾಲದಲ್ಲಿ ಜೂಜಿನ ಮನೆಗಳೆಲ್ಲ ೭೮ ದಿನ ಮುಚ್ಚಿದುವು. ನೆವಾಡಾದ ದುಡಿಮೆಗಾರರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ಕೆಲಸವಿಲ್ಲದೆ ಕುಳಿತರು. ಒಂದೇ ಕಸುಬನ್ನು ನೆಚ್ಚಿದ ಊರಿನ ಕಷ್ಟ ೧೯೨೨ರಲ್ಲಿ ಹೇಗೋ ೨೦೨೦ರಲ್ಲಿಯೂ ಹಾಗೆಯೇ.

ಆದರೆ ಊರಿನ ದೊಡ್ಡ ಪಣ ಹಣವಲ್ಲ, ನೀರು. ಮೊದಲಲ್ಲಿ ಕೊರೆದ ಬಾವಿಗಳಿಂದ ನೀರು ತಾನಾಗಿ ಚಿಮ್ಮುತ್ತಿದ್ದಾಗ ಜನ ಅದಕ್ಕೆ ಮುಚ್ಚಳವನ್ನೂ ಹಾಕದೆ ಹರಿಯಬಿಟ್ಟಿದ್ದರು. ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಎತ್ತುತ್ತ ಎತ್ತುತ್ತ, ೧೯೬೨ರಲ್ಲಿ ಆ ಹಳೆಯ ಬುಗ್ಗೆಗಳು ಬತ್ತಿಹೋದುವು. ಕಣಿವೆಯ ನೆಲ ಕೆಲವೆಡೆ ೫ ಅಡಿಗೂ ಮೇಲೆ ಕುಸಿದಿದೆ. ೧೯೭೧ರಿಂದ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದ ನೀರು ದೊಡ್ಡ ಪ್ರಮಾಣದಲ್ಲಿ ಬರತೊಡಗಿತು. ಈಗ ಬಳಸುವ ನೀರಿನಲ್ಲಿ ನೂರಕ್ಕೆ ಸುಮಾರು ೯೦ ಪಾಲು ಕೊಲರಾಡೋ ನದಿಯದು.

ಆ ನದಿಯ ನೀರು ಹಂಚಿಹೋಗಿರುವ ರೀತಿಯನ್ನು ನೋಡಿ. ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವ ನೀರಿಗೆ ಒಂದು ಎಕರೆ-ಅಡಿ ಎಂದು ಹೆಸರು. ೧೯೨೮ರ ಶಾಸನದಲ್ಲಿ ಗೊತ್ತುಮಾಡಿದಂತೆ ಕೆಳದಂಡೆಯ ಸಂಸ್ಥಾನಗಳ ಪೈಕಿ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ ೪೪ ಲಕ್ಷ, ಅರಿಜೋನಾಕ್ಕೆ ೨೮ ಲಕ್ಷ, ನೆವಾಡಾಕ್ಕೆ ಕೇವಲ ೩ ಲಕ್ಷ ಎಕರೆ-ಅಡಿ. ಆಗ ನೆವಾಡಾದಲ್ಲಿ ಲಕ್ಷ ಜನರೂ ಇರಲಿಲ್ಲ. ಇಷ್ಟು ಸಾಕೆಂದು ಎಲ್ಲರೂ ಎಣಿಸಿದರು. ೨೦೨೦ರ ಗಣತಿಯಲ್ಲಿ ಲಾಸ್ ವೇಗಸ್ ಸೇರಿದ ಕ್ಲಾರ್ಕ್ ಜಿಲ್ಲೆಯೊಂದರಲ್ಲೇ ೨೨ ಲಕ್ಷಕ್ಕೂ ಹೆಚ್ಚು ಜನ. ಪಾಲು ಮಾತ್ರ ಅಷ್ಟೇ. ಇತ್ತ ನದಿಯೂ ಸೊರಗಿದೆ. ೨೦೨೨ರ ಜುಲೈಯಲ್ಲಿ ಮೀಡ್ ಸರೋವರ ತುಂಬಿದಂದಿನಿಂದ ಕಾಣದಷ್ಟು ಕೆಳಮಟ್ಟಕ್ಕೆ ಇಳಿಯಿತು. ನೀರೆತ್ತುವ ಹಳೆಯ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಂಡಿತು.

ಜೂಜಿನ ಊರು ಇಲ್ಲಿ ಜೂಜಾಡಲಿಲ್ಲ ಎಂಬುದೇ ನನಗೆ ಮೆಚ್ಚಿಗೆಯಾದ ಸಂಗತಿ. ಮನೆ ಹೋಟೆಲುಗಳ ಒಳಗೆ ಬಳಸಿದ ಕೊಳೆನೀರನ್ನು ಶುದ್ಧಿಮಾಡಿ ಸರೋವರಕ್ಕೇ ಹಿಂದಿರುಗಿಸಿ, ಅಷ್ಟನ್ನು ಮತ್ತೆ ತೆಗೆದುಕೊಳ್ಳುವ ಏರ್ಪಾಡು ಅಲ್ಲಿದೆ. ಹಿಂದಿರುಗದೆ ಹೋಗುವುದು ತೋಟಕ್ಕೂ ಹುಲ್ಲಿಗೂ ಎರೆದು ಆವಿಯಾಗುವ ನೀರು. ಆದುದರಿಂದ ಹುಲ್ಲನ್ನು ಕಿತ್ತವರಿಗೆ ಚದರಡಿಯ ಲೆಕ್ಕದಲ್ಲಿ ಹಣ ಕೊಟ್ಟರು. ಹೊಸ ಮನೆಗಳ ಮುಂದೆ ಹುಲ್ಲು ಬೆಳೆಸುವುದನ್ನು ನಿಲ್ಲಿಸಿದರು. ೨೦೦೨ರಿಂದ ಈಚೆಗೆ ಏಳು ಲಕ್ಷಕ್ಕೂ ಹೆಚ್ಚು ಜನ ಸೇರಿಕೊಂಡರೂ ನದಿಯಿಂದ ತೆಗೆಯುವ ನಿವ್ವಳ ನೀರು ಮೊದಲಿಗಿಂತ ಇಳಿದಿದೆ. ೨೦೨೧ರಲ್ಲಿ ನೆವಾಡಾ ಸಂಸ್ಥಾನವು ಬರಿಯ ಅಲಂಕಾರಕ್ಕಾಗಿ ರಸ್ತೆಬದಿಯಲ್ಲಿಯೂ ಕಚೇರಿ ಅಂಗಡಿಗಳ ಮುಂದೆಯೂ ಬೆಳೆಸಿದ ಹುಲ್ಲಿಗೆ ೨೦೨೬ರ ಅಂತ್ಯದ ನಂತರ ನದಿಯ ನೀರು ಎರೆಯಕೂಡದೆಂದು ಶಾಸನವನ್ನೇ ಮಾಡಿತು.

ಹುಲ್ಲಿನಿಂದ ಹೆಸರು ಪಡೆದ ಊರು ಇಂದು ಬದುಕಬೇಕಾದರೆ ಹುಲ್ಲನ್ನೇ ಕೀಳಬೇಕಾಗಿದೆ. ಹೇಸರಗತ್ತೆಯ ವರ್ತಕನಿಗೂ, ರೈಲಿನ ಒಡೆಯನಿಗೂ, ಅಣೆಕಟ್ಟಿನ ಎಂಜಿನಿಯರಿಗೂ ಆ ಕಣಿವೆಯಲ್ಲಿ ಮೊದಲು ಕಂಡುದು ನೀರು. ದೀಪ ಹತ್ತಿದ ಮೇಲೆ ಕೆಲವು ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬುಗ್ಗೆ ಬತ್ತಿದ ಮೇಲೆ ಹನಿಹನಿಯನ್ನೂ ಎಣಿಸುವ ವಿವೇಕ ಅಲ್ಲಿಯ ಜನಕ್ಕೆ ಬಂದಿದೆ. ಬತ್ತುವ ಮೊದಲೇ ಎಣಿಸುವ ಅವಕಾಶ ಇನ್ನೂ ಉಳಿದಿರುವ ಊರುಗಳವರು ಈ ಚರಿತ್ರೆಯಿಂದ ಕಲಿಯತಕ್ಕ ಪಾಠ ಅದೊಂದೇ.